ಮಾನವ ವಿಕಾಸದ ವಿವಾದಿತ ವಾದಗಳು: ಯಾವುದನ್ನು ಎಷ್ಟು ನಂಬಬೇಕು?

ಗದಗ, ಹಾವೇರಿ ಕಡೆಯ ಪ್ರೌಢಶಾಲಾ ಶಿಕ್ಷಕರ ನಡುವೆ ಮಾನವ ವಿಕಾಸದ ಮಾತು ಬಂದರೆ ಒಂದು ಪ್ರಶ್ನೆ ಏಳದೆ ಇರುವುದಿಲ್ಲ: “ಮಂಗ್ಯಾ ಮನಷ್ಯಾ ಆಗಿದ್ದನ್ನ ಯಾರರ ಕಣ್ಣಾರೆ ನೋಡ್ಯಾರೇನ್ರಿ ಸರ?” 2018ರ ಜನವರಿಯಲ್ಲಿ ಆಗಿನ ಕೇಂದ್ರ ರಾಜ್ಯ ಸಚಿವ ಸತ್ಯಪಾಲ್ ಸಿಂಗ್ ಇದೇ ಧಾಟಿಯಲ್ಲಿ ಮಾತನಾಡಿ ಡಾರ್ವಿನ್ನನ ಸಿದ್ಧಾಂತ ವೈಜ್ಞಾನಿಕವಾಗಿ ತಪ್ಪು ಎಂದಾಗ, ದೇಶದ ಮೂರು ವಿಜ್ಞಾನ ಅಕಾಡೆಮಿಗಳು ಜಂಟಿ ಹೇಳಿಕೆ ಹೊರಡಿಸಿ ಅದನ್ನು ಅಲ್ಲಗಳೆದವು. 2023ರಲ್ಲಿ ಎನ್‌ಸಿಇಆರ್‌ಟಿಯ ಹತ್ತನೆಯ ತರಗತಿಯ ಪಠ್ಯದಿಂದ ವಿಕಾಸದ ಭಾಗ ಹೊರಬಿದ್ದಾಗ 1800ಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ಶಿಕ್ಷಕರು ಬಹಿರಂಗ ಪತ್ರಕ್ಕೆ ಸಹಿ ಹಾಕಿದರು. ಈ ಜಗಳದಲ್ಲಿ ವಿಜ್ಞಾನದ ಉತ್ತರ ಸ್ಪಷ್ಟವಾಗಿದೆ. ಇಂದಿನ ಮಂಗ ಮನುಷ್ಯನಾಯಿತೆಂದು ಯಾವ ಜೀವವಿಜ್ಞಾನಿಯೂ ಹೇಳಿಲ್ಲ. ಚಿಂಪಾಂಜಿಗೂ ನಮಗೂ ಸುಮಾರು 60ರಿಂದ 70 ಲಕ್ಷ ವರ್ಷಗಳ ಹಿಂದೆ ಒಂದೇ ಪೂರ್ವಜಕುಲವಿತ್ತು ಎಂಬುದಕ್ಕೆ ಪಳೆಯುಳಿಕೆ, ಅಂಗರಚನೆ ಮತ್ತು ಡಿಎನ್‌ಎ ಮೂರೂ ಒಂದಕ್ಕೊಂದು ಹೊಂದುವ ಸಾಕ್ಷ್ಯ ಕೊಡುತ್ತವೆ.

ಕಷ್ಟವಾಗುವುದು ಇದರಾಚೆಯ ಪ್ರಶ್ನೆ. ವಿಕಾಸವನ್ನು ಮನಸಾರೆ ಒಪ್ಪಿಕೊಂಡವರ ಮೊಬೈಲಿಗೂ ಈಗ ಮೇಲಿಂದ ಮೇಲೆ ಹೊಸ ವಾದಗಳು ಬಂದು ಬೀಳುತ್ತವೆ. ಮನುಷ್ಯ ಚಿಂಪಾಂಜಿಗೂ ಹಂದಿಗೂ ಹುಟ್ಟಿದ ಮಿಶ್ರತಳಿ ಎಂದು ಒಂದು ವಿಡಿಯೊ ಹೇಳಿದರೆ, ನಮ್ಮ ಪೂರ್ವಜರು ನೀರಿನಲ್ಲಿ ಬಾಳಿದ್ದರಿಂದ ಮೈಕೂದಲು ಹೋಯಿತೆಂದು ಇನ್ನೊಂದು ಹೇಳುತ್ತದೆ. ಮಾನವಕುಲದ ತವರು ಆಫ್ರಿಕವಲ್ಲ, ಹಿಮಾಲಯದ ತಪ್ಪಲಿನ ಶಿವಾಲಿಕ್ ಬೆಟ್ಟಸಾಲು ಎಂಬುದು ಮತ್ತೊಂದರ ವಾದ. ಇವೆಲ್ಲ ವಿಜ್ಞಾನದ ಭಾಷೆಯಲ್ಲೇ, ಲ್ಯಾಟಿನ್ ಹೆಸರುಗಳ ಸಮೇತ, ಕೆಲವೊಮ್ಮೆ ನಿಜವಾದ ಡಾಕ್ಟರೇಟ್ ಪಡೆದವರ ಬಾಯಿಂದಲೇ ಬರುತ್ತವೆ. ಆದ್ದರಿಂದ ಹೇಳಿದವರು ಯಾರು ಎಂದು ನೋಡಿ ತೀರ್ಮಾನಿಸುವ ರೂಢಿ ಇಲ್ಲಿ ಕೆಲಸಕ್ಕೆ ಬರುವುದಿಲ್ಲ. ಬಹುಮತ ಯಾವ ಕಡೆ ಇದೆ ಎಂದು ಎಣಿಸುವುದೂ ಅರ್ಧ ದಾರಿಗಷ್ಟೇ ಆಗುತ್ತದೆ, ಏಕೆಂದರೆ ಬಹುಮತ ತಪ್ಪಿದ ಪ್ರಸಂಗಗಳು ಈ ಶಾಸ್ತ್ರದಲ್ಲಿ ಸಾಕಷ್ಟಿವೆ. ನನ್ನ ಮಟ್ಟಿಗೆ ಉಳಿಯುವ ಅಳತೆಗೋಲು ಒಂದೇ: ಏನು ಸಿಕ್ಕರೆ ಈ ವಾದ ಬಿದ್ದುಹೋಗುತ್ತದೆ ಎಂದು ವಾದಿಯೇ ಹೇಳಿದ್ದಾನೆಯೆ, ಮತ್ತು ಅದನ್ನು ಹುಡುಕಿ ನೋಡಲು ಎದುರಾಳಿಗೆ ದಾರಿ ಬಿಟ್ಟಿದ್ದಾನೆಯೆ?

ವಿವಾದಿತ ವಾದಗಳ ಪರವಾಗಿ ಪದೇ ಪದೇ ಬಳಕೆಯಾಗುವ ಒಂದು ದೃಷ್ಟಾಂತವನ್ನು ಮೊದಲು ಪರಿಶೀಲಿಸಬೇಕು. “ರೇಮಂಡ್ ಡಾರ್ಟ್‌ನನ್ನೂ ಪಂಡಿತರು ನಕ್ಕು ತಳ್ಳಿದ್ದರು, ಕೊನೆಗೆ ಗೆದ್ದವನು ಅವನೇ” ಎಂಬುದು ಆ ದೃಷ್ಟಾಂತ. 1924ರಲ್ಲಿ ದಕ್ಷಿಣ ಆಫ್ರಿಕದ ಟಾಂಗ್ ಎಂಬಲ್ಲಿ ಸುಣ್ಣಕಲ್ಲಿನ ಗಣಿಯಿಂದ ಒಂದು ಎಳೆಯ ಜೀವಿಯ ತಲೆಬುರುಡೆ ಹೊರಬಂದಿತು. ಜೋಹಾನ್ಸ್‌ಬರ್ಗಿನಲ್ಲಿ ಅಂಗರಚನಾಶಾಸ್ತ್ರ ಕಲಿಸುತ್ತಿದ್ದ ಡಾರ್ಟ್ ಅದಕ್ಕೆ ಆಸ್ಟ್ರಲೋಪಿಥೆಕಸ್ ಆಫ್ರಿಕಾನಸ್ ಎಂದು ಹೆಸರಿಟ್ಟು, ಇದು ಮಾನವಕುಲದ ಕಡೆಗೆ ಸೇರಿದ್ದೆಂದು 1925ರಲ್ಲಿ ಪ್ರಕಟಿಸಿದ. ಬೆನ್ನುಹುರಿ ತಲೆಬುರುಡೆಯನ್ನು ಸೇರುವ ರಂಧ್ರ ವಾನರಗಳಲ್ಲಿ (ಚಿಂಪಾಂಜಿ, ಗೊರಿಲ್ಲದಂಥ ಬಾಲವಿಲ್ಲದ ಪ್ರಾಣಿಗಳಲ್ಲಿ) ಇರುವಂತೆ ಹಿಂದಕ್ಕೆ ಸರಿಯದೆ ಕೆಳಭಾಗದಲ್ಲಿತ್ತು. ಅಂದರೆ ಆ ಜೀವಿ ತಲೆಯನ್ನು ನೇರವಾಗಿ ಹೊತ್ತು ಎರಡು ಕಾಲಿನ ಮೇಲೆ ನಡೆಯುತ್ತಿತ್ತು ಎಂಬುದು ಅವನ ತರ್ಕದ ಜೀವಾಳ. ಆರ್ಥರ್ ಕೀತ್ ಮೊದಲಾದ ಬ್ರಿಟಿಷ್ ವಿದ್ವಾಂಸರು ಅದನ್ನು ವಾನರದ ಮರಿ ಎಂದು ತಳ್ಳಿಹಾಕಿದರು.

ಹಾಗೆ ತಳ್ಳಿಹಾಕಲು ಒಂದು ಕಾರಣ ಅವರ ಕಪಾಟಿನಲ್ಲೇ ಇತ್ತು. 1912ರಲ್ಲಿ ಇಂಗ್ಲೆಂಡಿನ ಪಿಲ್ಟ್‌ಡೌನ್‌ನಲ್ಲಿ ಚಾರ್ಲ್ಸ್ ಡಾಸನ್‌ಗೆ ದೊರೆತಿತೆಂದು ಸಾರಲಾದ ಪಳೆಯುಳಿಕೆಯಲ್ಲಿ ಮನುಷ್ಯನ ದೊಡ್ಡ ಮಿದುಳಿನ ಬುರುಡೆಯೂ ವಾನರದ ದವಡೆಯೂ ಇದ್ದವು. ಮಿದುಳು ಮೊದಲು ಬೆಳೆಯಿತು, ಉಳಿದದ್ದೆಲ್ಲ ಆಮೇಲೆ ಎಂಬ ನಂಬಿಕೆಗೆ ಅದು ಹೇಳಿ ಮಾಡಿಸಿದಂತಿತ್ತು. ಅಕ್ಷರಶಃ ಹಾಗೆಯೇ ಮಾಡಿಸಿದ್ದಾಗಿತ್ತು. 1953ರಲ್ಲಿ ಕೆನೆತ್ ಓಕ್ಲಿ, ಜೋಸೆಫ್ ವೈನರ್ ಮತ್ತು ಲ ಗ್ರೋಸ್ ಕ್ಲಾರ್ಕ್ ಎಲುಬು ನೆಲದಲ್ಲಿ ಹೂತಿದ್ದಷ್ಟು ಕಾಲವೂ ಹೆಚ್ಚುವ ಫ್ಲೋರಿನ್ ಪ್ರಮಾಣ ಅಳೆದು, ಹಲ್ಲುಗಳನ್ನು ಸೂಕ್ಷ್ಮದರ್ಶಕದಡಿ ಇಟ್ಟು ನೋಡಿದಾಗ ಮೋಸ ಬಯಲಾಯಿತು. ಅಗಿದು ಸವೆದ ಹಲ್ಲಿನಲ್ಲಿ ಕಾಣುವ ನುಣುಪಿನ ಬದಲು ಆ ದವಡೆಹಲ್ಲುಗಳ ಮೇಲೆ ಅರದಿಂದ ಉಜ್ಜಿದ ಅಡ್ಡಾದಿಡ್ಡಿ ಗೀರುಗಳಿದ್ದವು; ದವಡೆ ಒರಾಂಗುಟಾನಿನದು; ಎಲ್ಲಕ್ಕೂ ಹಳೆಯದಾಗಿ ಕಾಣುವಂತೆ ಬಣ್ಣ ಹಚ್ಚಲಾಗಿತ್ತು. ಇಷ್ಟು ಒರಟು ಕೆಲಸ ನಲವತ್ತು ವರ್ಷ ಹೇಗೆ ಅಡಗಿತು ಎಂದರೆ, ಅಧ್ಯಯನಕ್ಕೆ ಬಂದವರ ಕೈಗೆ ಹೆಚ್ಚಾಗಿ ಸಿಗುತ್ತಿದ್ದದ್ದು ಪ್ಲಾಸ್ಟರ್ ಅಚ್ಚು. ಮೂಲವಸ್ತು ಬೀಗದೊಳಗೇ ಇರುತ್ತಿತ್ತು.

ಡಾರ್ಟ್ ಗೆದ್ದದ್ದು ಅವಮಾನ ಸಹಿಸಿದ್ದಕ್ಕಲ್ಲ. ಅವನ ವಾದ ನಿಜವಾದರೆ ಅದೇ ಕುಲದ ಪ್ರೌಢ ಜೀವಿಗಳೂ ನೆಟ್ಟಗೆ ನಡೆಯುವ ಮೈಕಟ್ಟಿನವಾಗಿಯೇ ಸಿಗಬೇಕಿತ್ತು, ವಾನರದ ಮರಿಯಾಗಿದ್ದರೆ ಹಾಗೆ ಸಿಗಬಾರದಿತ್ತು. ರಾಬರ್ಟ್ ಬ್ರೂಮ್ ಸ್ಟರ್ಕ್‌ಫಾಂಟೈನ್ ಮುಂತಾದ ಗವಿಗಳಲ್ಲಿ 1930 ಮತ್ತು 40ರ ದಶಕಗಳಲ್ಲಿ ಪ್ರೌಢ ಜೀವಿಗಳ ಬುರುಡೆ, ಸೊಂಟದ ಎಲುಬುಗಳನ್ನು ಹೊರತೆಗೆದಾಗ ಡಾರ್ಟ್‌ನ ಮಾತೇ ಗಟ್ಟಿಯಾಗಿ ನಿಂತಿತು, ಮತ್ತು ಕೀತ್ 1947ರಲ್ಲಿ ಡಾರ್ಟ್ ಹೇಳಿದ್ದೇ ಸರಿ ಎಂದು ಬರೆದು ಒಪ್ಪಿಕೊಂಡ. ವಿರೋಧವನ್ನು ಎದುರಿಸಿದವರ ಸಾಲಿನಲ್ಲಿ ಡಾರ್ಟ್‌ನ ಜೊತೆಗೆ ಇಂದು ಯಾರೂ ನೆನೆಯದ ನೂರಾರು ಮಂದಿ ಇದ್ದಾರೆ ಎಂಬುದನ್ನು ಈ ದೃಷ್ಟಾಂತ ಕೊಡುವವರು ಹೇಳುವುದಿಲ್ಲ.

ಹಂದಿಯ ವಾದವನ್ನು ಇದೇ ಅಳತೆಗೆ ತರೋಣ. ಮಿಶ್ರತಳಿಗಳನ್ನು ಅಧ್ಯಯನ ಮಾಡಿದ ಅಮೆರಿಕದ ತಳಿವಿಜ್ಞಾನಿಯೊಬ್ಬರು 2013ರಲ್ಲಿ ಇದನ್ನು ಮುಂದಿಟ್ಟಾಗ ಜಗತ್ತಿನ ಪತ್ರಿಕೆಗಳು ಹಬ್ಬ ಮಾಡಿದವು. ಕೂದಲಿಲ್ಲದ ಚರ್ಮ, ಚರ್ಮದಡಿಯ ಕೊಬ್ಬು, ಮುಂಚಾಚಿದ ಮೂಗು ಹೀಗೆ ಚಿಂಪಾಂಜಿಯಲ್ಲಿ ಇಲ್ಲದ, ಹಂದಿಯಲ್ಲಿ ಕಾಣುವ ಲಕ್ಷಣಗಳ ಉದ್ದನೆಯ ಪಟ್ಟಿಯೇ ಅವರ ಆಧಾರ. ಕೇಳಿದವರಿಗೆ ನಗು ಬರುವುದು ಸಹಜ, ಆದರೆ ನಗುವುದು ಖಂಡನೆಯಾಗದು. ಚಿಂಪಾಂಜಿಗೆ 48 ವರ್ಣತಂತುಗಳು, ಹಂದಿಗೆ 38. ಇವೆರಡರ ಕುಲಗಳು ಬೇರೆಯಾಗಿ ಸುಮಾರು ಎಂಟು–ಒಂಬತ್ತು ಕೋಟಿ ವರ್ಷಗಳಾದವು. ಇದು ಅಸಂಭವ ಎನ್ನಲು ಸಾಕು, ಆದರೂ ನಿರ್ಣಾಯಕವಾದದ್ದು ಬೇರೆ ಇದೆ. ಚಿಂಪಾಂಜಿಯ ಜೀನೋಮು (ಡಿಎನ್‌ಎಯ ಪೂರ್ಣ ಬರಹ) 2005ರಲ್ಲೂ ಹಂದಿಯದು 2012ರಲ್ಲೂ ಪ್ರಕಟವಾಗಿ ಯಾರು ಬೇಕಾದರೂ ನೋಡುವಂತಿವೆ. ಮನುಷ್ಯನ ಡಿಎನ್‌ಎಯಲ್ಲಿ ಹಂದಿಯಿಂದ ಬಂದ ತುಣುಕುಗಳಿದ್ದರೆ ಅವು ಬೇರೆಲ್ಲ ವಾನರಗಳನ್ನು ಬಿಟ್ಟು ಹಂದಿಯನ್ನೇ ಹೋಲಬೇಕು. ಅಂಥ ತುಣುಕುಗಳು ಕಂಡುಬಂದಿಲ್ಲ. ಇದಕ್ಕೆ ವಾದಿಯ ಉತ್ತರವೇನೆಂದರೆ, ಸಂಕರದ ಸಂತಾನ ತಲೆಮಾರುಗಟ್ಟಲೆ ಚಿಂಪಾಂಜಿಯ ಕಡೆಯವರೊಂದಿಗೇ ಕೂಡಿದ್ದರಿಂದ ಹಂದಿಯ ಅಂಶ ಪತ್ತೆಯಾಗದಷ್ಟು ತೆಳುವಾಗಿರಬಹುದು ಎಂಬುದು. ತುಣುಕು ಸಿಕ್ಕರೆ ವಾದ ಗೆದ್ದಂತೆ, ಸಿಗದಿದ್ದರೂ ಸೋಲದಂತೆ! ಬಾಗಿಲನ್ನು ಹೀಗೆ ಒಳಗಿನಿಂದ ಹಾಕಿಕೊಂಡ ಮೇಲೆ ಹೊರಗಿನವರು ಪರೀಕ್ಷಿಸುವುದಾದರೂ ಏನನ್ನು?

ಸಂಕರದ ವಾದವೆಲ್ಲ ಹುಚ್ಚುತನ ಎಂದು ಇದರಿಂದ ತೀರ್ಮಾನಿಸಿದರೆ ಅದೂ ತಪ್ಪಾಗುತ್ತದೆ, ಏಕೆಂದರೆ ಸಂಕರದ ಇನ್ನೊಂದು ವಾದ ನೊಬೆಲ್ ತಂದುಕೊಟ್ಟಿದೆ. ಅಳಿದುಹೋದ ಮಾನವಜಾತಿಯಾದ ನಿಯಾಂಡರ್ತಾಲರಿಗೂ ನಮ್ಮ ಪೂರ್ವಜರಿಗೂ ಕೂಡುವಿಕೆ ನಡೆದಿತ್ತೆ ಎಂಬುದು ಹಳೆಯ ತಕರಾರು. 1997ರಲ್ಲಿ ತಳಿವಿಜ್ಞಾನಿ ಸ್ವಾಂಟೆ ಪೇಬೊ ಅವರ ತಂಡ ನಿಯಾಂಡರ್ತಾಲರ, ತಾಯಿಯಿಂದಷ್ಟೇ ಬರುವ ಮೈಟೊಕಾಂಡ್ರಿಯದ ಡಿಎನ್‌ಎಯನ್ನು ಮೊದಲ ಬಾರಿಗೆ ಓದಿದಾಗ ಅಂಥ ಕೂಡುವಿಕೆಯ ಸುಳಿವು ಸಿಗಲಿಲ್ಲ, ಬಹುಮಂದಿ ಅಲ್ಲಿಗೆ ವಿಷಯ ಮುಗಿಯಿತೆಂದುಕೊಂಡರು. 2010ರಲ್ಲಿ ಅದೇ ತಂಡ ಕ್ರೊಯೇಷಿಯದ ವಿಂಡಿಯಾ ಗವಿಯ ಎಲುಬುಗಳಿಂದ ಪೂರ್ಣ ಜೀನೋಮಿನ ಕರಡು ತಯಾರಿಸಿತು. ಪರೀಕ್ಷೆ ಸರಳವಾಗಿತ್ತು: ಕೂಡುವಿಕೆ ನಡೆದೇ ಇಲ್ಲವೆಂದರೆ ಇಂದಿನ ಆಫ್ರಿಕದವರೂ, ಯುರೋಪು–ಏಷ್ಯಾದವರೂ ನಿಯಾಂಡರ್ತಾಲರಿಂದ ಸಮದೂರದಲ್ಲಿರಬೇಕು. ಸಮದೂರ ಇರಲಿಲ್ಲ. ಆಫ್ರಿಕದ ಹೊರಗಿನವರಲ್ಲಿ ಶೇ. 1ರಿಂದ 4ರಷ್ಟು ಅಂಶ ಅವರದೆಂದು ಆಗ ಲೆಕ್ಕ ಹಾಕಲಾಯಿತು. ಈಗಿನ ಅಂದಾಜು ಸುಮಾರು ಶೇ. 2. ಹಾಗೆಂದು ಎದುರಾಳಿಗಳು ಸುಮ್ಮನಾಗಲಿಲ್ಲ. ಆಫ್ರಿಕದಲ್ಲೇ ಬಹು ಹಿಂದೆ ಬೇರೆಬೇರೆ ಗುಂಪುಗಳಿದ್ದು, ಒಂದು ಗುಂಪು ನಿಯಾಂಡರ್ತಾಲರಿಗೆ ಹತ್ತಿರವಿದ್ದರೂ ಇದೇ ಫಲಿತಾಂಶ ಬರಬಹುದಲ್ಲ ಎಂದು ಅವರು ಕೇಳಿದರು. ಪ್ರಶ್ನೆ ನ್ಯಾಯವಾಗಿತ್ತು. ಬೆರೆತ ತುಣುಕುಗಳ ಉದ್ದ ತಲೆಮಾರಿನಿಂದ ತಲೆಮಾರಿಗೆ ಕಡಿಮೆಯಾಗುತ್ತ ಹೋಗುವುದರಿಂದ, ಉದ್ದ ಅಳೆದರೆ ಬೆರೆತ ಕಾಲ ತಿಳಿಯುತ್ತದೆ. ಅಳೆದಾಗ ಅದು ಲಕ್ಷಾಂತರ ವರ್ಷಗಳ ಹಿಂದಿನದಾಗಿರದೆ ತೀರ ಈಚಿನದಾಗಿತ್ತು. ಬಳಿಕ 2015ರಲ್ಲಿ ರುಮೇನಿಯದ ಒಆಸೆ ಎಂಬಲ್ಲಿನ ಸುಮಾರು 40,000 ವರ್ಷ ಹಳೆಯ ದವಡೆಯೊಂದರ ಡಿಎನ್‌ಎ, ಆ ಮನುಷ್ಯನ ನಾಲ್ಕರಿಂದ ಆರು ತಲೆಮಾರು ಹಿಂದಿನವರೊಬ್ಬರು ನಿಯಾಂಡರ್ತಾಲರೆಂದು ತೋರಿಸಿತು. 2018ರಲ್ಲಿ ಸೈಬೀರಿಯದ ಡೆನಿಸೊವಾ ಗವಿಯ ಎಲುಬಿನ ಚೂರೊಂದು, ತಾಯಿ ನಿಯಾಂಡರ್ತಾಲ್, ತಂದೆ ಡೆನಿಸೊವನ್ (ಅಳಿದುಹೋದ ಇನ್ನೊಂದು ಮಾನವಗುಂಪಿನವನು) ಆಗಿದ್ದ ಹುಡುಗಿಯದೆಂದು ಗೊತ್ತಾಯಿತು. ಪೇಬೊ ಅವರಿಗೆ 2022ರ ನೊಬೆಲ್ ಸಂದಿತು. ಎರಡೂ ಸಂಕರದ ಕಥೆಗಳೇ. ಒಂದು ಪ್ರತಿ ಆಕ್ಷೇಪಕ್ಕೂ ಹೊಸ ಅಳತೆಯಿಂದ ಉತ್ತರ ಕೊಟ್ಟಿತು, ಇನ್ನೊಂದು ಅಳತೆಯನ್ನೇ ತಪ್ಪಿಸಿಕೊಂಡಿತು.

ನೀರುವಾನರದ ವಾದಕ್ಕೆ ಹೆಚ್ಚು ಹೊತ್ತು ಬೇಕಿಲ್ಲ. ಸಾಗರಜೀವಿಗಳ ತಜ್ಞ ಅಲಿಸ್ಟರ್ ಹಾರ್ಡಿ 1960ರಲ್ಲಿ ಇದನ್ನು ಮಂಡಿಸಿದರು, ಎಲೇನ್ ಮಾರ್ಗನ್ 1970ರ ದಶಕದಿಂದ ಜನಪ್ರಿಯಗೊಳಿಸಿದರು. ಕೂದಲು, ಕೊಬ್ಬು, ಎರಡು ಕಾಲಿನ ನಡಿಗೆ ಎಲ್ಲವನ್ನೂ ನೀರು ಎಂಬ ಒಂದೇ ಕಾರಣಕ್ಕೆ ಕಟ್ಟುವುದು ಅದರ ಆಕರ್ಷಣೆ. ಅದೇ ಅದರ ದೋಷ. ನಡಿಗೆ ಬಂದ ಕಾಲಕ್ಕೂ ಉಳಿದ ಲಕ್ಷಣಗಳು ಬಂದ ಕಾಲಕ್ಕೂ ಒಂದೇ ನೀರಿನ ಯುಗ ಹೊಂದುತ್ತದೆಂದು ತೋರಿಸಲಾಗಿಲ್ಲ, ಮೇಲಾಗಿ ನೀರುನಾಯಿ, ಸೀಲ್‌ಗಳು ದಟ್ಟ ಕೂದಲಿನೊಂದಿಗೇ ನೀರಿನಲ್ಲಿ ಬಾಳುತ್ತಿವೆ.

ನಮ್ಮ ದೇಶದ ಅಭಿಮಾನವನ್ನು ನೇರವಾಗಿ ಮುಟ್ಟುವುದು ಶಿವಾಲಿಕ್ಕಿನ ಕಥೆ. 1932ರಲ್ಲಿ ಅಲ್ಲಿ ಸಿಕ್ಕ ಮೇಲ್ದವಡೆಯ ತುಂಡಿಗೆ ಎಡ್ವರ್ಡ್ ಲೂಯಿಸ್ 1934ರಲ್ಲಿ ರಾಮಾಪಿಥೆಕಸ್ ಎಂದು ಹೆಸರಿಟ್ಟರು. ಹೆಸರಿನಲ್ಲೇ ರಾಮನಿದ್ದ ಈ ಜೀವಿ 1960ರ ದಶಕದಲ್ಲಿ ಎಲ್ವಿನ್ ಸೈಮನ್ಸ್ ಮೊದಲಾದವರ ಬರಹಗಳಿಂದ ಮನುಷ್ಯನ ಮೊದಲ ಪೂರ್ವಜನ ಪಟ್ಟಕ್ಕೇರಿತು. ಪಿಯುಸಿ ಜೀವಶಾಸ್ತ್ರದ ಪಠ್ಯದಲ್ಲಿ ರಾಮಾಪಿಥೆಕಸ್ ಹೆಚ್ಚು ಮನುಷ್ಯನಂತಿತ್ತು ಎಂಬ ಸಾಲನ್ನು ನಮ್ಮ ವಿದ್ಯಾರ್ಥಿಗಳು ವರ್ಷಗಟ್ಟಲೆ ಉರುಹೊಡೆದಿದ್ದಾರೆ. ಸಾಕ್ಷ್ಯ ಎಷ್ಟಿತ್ತು? ದವಡೆಯ ತುಂಡುಗಳು ಮತ್ತು ಹಲ್ಲುಗಳಷ್ಟೇ. ದವಡೆಯ ನಡುಭಾಗ ಇಲ್ಲದಿದ್ದುದರಿಂದ ಹಲ್ಲಿನ ಸಾಲು ಮನುಷ್ಯನದರಂತೆ ಬಾಗಿತ್ತೆಂದು ಊಹಿಸಿ ತುಂಬಿಕೊಳ್ಳಲಾಯಿತು. 1967ರಲ್ಲಿ ವಿನ್ಸೆಂಟ್ ಸಾರಿಚ್ ಮತ್ತು ಆಲನ್ ವಿಲ್ಸನ್ ರಕ್ತದ ಆಲ್ಬುಮಿನ್ ಪ್ರೋಟೀನನ್ನು ಹೋಲಿಸಿ, ಮನುಷ್ಯ ಮತ್ತು ಆಫ್ರಿಕದ ವಾನರಗಳು ಬೇರೆಯಾಗಿ ಸುಮಾರು 50 ಲಕ್ಷ ವರ್ಷಗಳಷ್ಟೇ ಆಗಿವೆ ಎಂದರು. ಹಾಗಿದ್ದರೆ ಅದಕ್ಕಿಂತ ಎಷ್ಟೋ ಹಳೆಯದಾದ ರಾಮಾಪಿಥೆಕಸ್ ಮಾನವಕುಲಕ್ಕೆ ಸೇರುವುದು ಸಾಧ್ಯವೇ ಇಲ್ಲ. ಎಲುಬಿನ ಪಂಡಿತರು ಪ್ರಯೋಗಶಾಲೆಯವರನ್ನು ಲಘುವಾಗಿ ಕಂಡರು. 1982ರಲ್ಲಿ ಡೇವಿಡ್ ಪಿಲ್ಬೀಮ್ ಪಾಕಿಸ್ತಾನದ ಪೊಟ್ವಾರ್ ಪ್ರದೇಶದ, ಶಿವಾಪಿಥೆಕಸ್ ಎಂಬ ಹಳೆಯ ವಾನರದ ಮುಖದ ಎಲುಬುಗಳನ್ನು ವರ್ಣಿಸಿದಾಗ ಅವು ಒರಾಂಗುಟಾನನ್ನು ಹೋಲುತ್ತಿದ್ದವು, ರಾಮಾಪಿಥೆಕಸ್ಸೂ ಅದೇ ಗುಂಪಿಗೆ ಸೇರಿಹೋಯಿತು. ರಾಮಾಪಿಥೆಕಸ್ ಪೂರ್ವಜನೆಂದು ಮೊದಲು ಒಪ್ಪಿದ್ದ ಪಿಲ್ಬೀಮ್ ಅವರೇ ಅದನ್ನು ಕೆಳಗಿಳಿಸಿದರೆಂಬುದು ಗಮನಿಸಬೇಕಾದ ಸಂಗತಿ.

ಶಿವಾಲಿಕ್ ಮತ್ತೆ ಸುದ್ದಿಯಾದದ್ದು 2016ರಲ್ಲಿ. ಚಂಡೀಗಢದ ಹತ್ತಿರದ ಮಸೋಲ್ ಎಂಬಲ್ಲಿನ ಪ್ರಾಣಿಗಳ ಎಲುಬುಗಳ ಮೇಲೆ ಕಲ್ಲಿನ ಉಪಕರಣದಿಂದ ಕೊಯ್ದ ಗುರುತುಗಳಿವೆ, ಅವು 26 ಲಕ್ಷ ವರ್ಷ ಹಳೆಯವು ಎಂದು ಭಾರತ–ಫ್ರಾನ್ಸ್ ತಂಡವೊಂದು ಪ್ರಕಟಿಸಿತು. ನಿಜವಾದರೆ ಇದು ಆಫ್ರಿಕದ ಕಥೆಯನ್ನೇ ಅಲುಗಿಸಬಲ್ಲದು. ಕಲ್ಲಿನಂಚು ಎಲುಬನ್ನು ಕೊಯ್ದರೆ ಗೀರು ಚೂಪಾದ ಕಣಿವೆಯಂತಿದ್ದು ಅದರೊಳಗೆ ಸಮಾನಾಂತರವಾದ ನವಿರು ಗೆರೆಗಳು ಕಾಣುತ್ತವೆ. ಮೊಸಳೆಯ ಹಲ್ಲು, ಗರಸಿನ ಮೇಲೆ ಪ್ರಾಣಿಗಳ ತುಳಿತ ಕೂಡ ಇದನ್ನು ಹೋಲುವ ಗೀರುಗಳನ್ನು ಉಂಟುಮಾಡಬಲ್ಲವು. ಅದಕ್ಕಿಂತ ದೊಡ್ಡ ತೊಡಕು, ಆ ಎಲುಬುಗಳು ಸವೆದ ನೆಲದ ಮೇಲ್ಮೈಯಲ್ಲಿ ಆರಿಸಿದವು, ಪದರದೊಳಗಿಂದ ಅಗೆದು ತೆಗೆದವಲ್ಲ.

ಪದರದ ಮಾತನ್ನು ನಮ್ಮ ಭಾಗದವರಿಗೆ ವಿವರಿಸುವುದು ಸುಲಭ. ನವಲಗುಂದ, ನರಗುಂದ, ರೋಣದ ಎರೆಹೊಲಗಳು ಬೇಸಿಗೆಯಲ್ಲಿ ತೋಳು ಇಳಿಯುವಷ್ಟು ಆಳಕ್ಕೆ ಬಿರಿಯುತ್ತವೆ. ಮೇಲೆ ಬಿದ್ದ ಬೋಕಿ, ಎಲುಬು, ಕಲ್ಲಿನ ಚಕ್ಕೆ ಆ ಬಿರುಕಿಗೆ ಜಾರಿದರೆ, ಮಳೆ ಬಿದ್ದು ನೆಲ ಕೂಡಿಕೊಂಡ ಮೇಲೆ ಈಚಿನ ವಸ್ತು ಸಾವಿರಾರು ವರ್ಷ ಹಳೆಯ ಮಣ್ಣಿನೊಳಗೆ ಕುಳಿತುಬಿಡುತ್ತದೆ. ಮಲಪ್ರಭೆಯ ದಂಡೆಯ ಗರಸಿನಲ್ಲಿ ಸಿಗುವ ಹಳೆಯ ಶಿಲಾಯುಗದ ಕೈಕೊಡಲಿಗಳದು ಇದಕ್ಕೆ ತಿರುಗುಮುರುಗಾದ ಕಥೆ: ಅಂಚು ಉರುಟಾಗಿದ್ದರೆ ಹೊಳೆ ಅದನ್ನು ಎಲ್ಲಿಂದಲೋ ಉರುಳಿಸಿ ತಂದಿದೆ ಎಂದರ್ಥ, ಆದ್ದರಿಂದ ಗರಸಿನ ವಯಸ್ಸನ್ನು ಕೊಡಲಿಗೆ ಅಂಟಿಸಲಾಗದು. ಯಾದಗಿರಿ ಜಿಲ್ಲೆಯ ಹುಣಸಗಿ ಕಣಿವೆಯ ಇಸಾಂಪುರ ಇದಕ್ಕೆ ವ್ಯತಿರಿಕ್ತ. ಅಲ್ಲಿ ಕೆ. ಪದ್ದಯ್ಯ ಅವರ ತಂಡ ಅಗೆದಾಗ ಸುಣ್ಣಕಲ್ಲಿನ ಗಡ್ಡೆಗಳು, ಅವನ್ನು ಒಡೆದ ಕುಟ್ಟುಗಲ್ಲುಗಳು, ಸಿಡಿದ ಚಕ್ಕೆಗಳು ಆದಿಮಾನವ ಬಿಟ್ಟುಹೋದ ಜಾಗದಲ್ಲೇ ಇದ್ದವು. ಪ್ರಾಣಿಯ ಹಲ್ಲಿನ ಎನಾಮಲ್ಲಿನಿಂದ ಬಂದ ಸುಮಾರು 12 ಲಕ್ಷ ವರ್ಷಗಳ ಕಾಲನಿರ್ಣಯಕ್ಕೆ ತೂಕ ಬರುವುದು ಇಂಥ ಹಿನ್ನೆಲೆಯಿಂದ. ಮಸೋಲಿನ ವಾದ ಸುಳ್ಳೆಂದು ನಾನು ಹೇಳಲಾರೆ. ಗುರುತಿರುವ ಒಂದೇ ಒಂದು ಎಲುಬು ಕದಡದ ಪದರದೊಳಗಿಂದ ಬರುವತನಕ ಅದನ್ನು ಪಾಠದಲ್ಲಿ ಸೇರಿಸಲೂ ಆಗದು.

ಪ್ರಕಟಣೆಯ ವೇಗ ಕೂಡ ಒಂದು ಸುಳಿವು. ದಕ್ಷಿಣ ಆಫ್ರಿಕದ ರೈಸಿಂಗ್ ಸ್ಟಾರ್ ಗವಿಯ ಹೋಮೊ ನಲೇಡಿ ಎಂಬ ಅಳಿದ ಮಾನವಜಾತಿಯನ್ನು 2015ರಲ್ಲಿ ಜಗತ್ತಿಗೆ ಪರಿಚಯಿಸಿದ ಲೀ ಬರ್ಗರ್ ತಂಡದ ಕೆಲಸ, ಪಳೆಯುಳಿಕೆಗಳ ಅಚ್ಚು ಮತ್ತು ಸ್ಕ್ಯಾನ್‌ಗಳನ್ನು ಎಲ್ಲರಿಗೂ ತೆರೆದಿಟ್ಟದ್ದಕ್ಕಾಗಿ ಮೆಚ್ಚುಗೆಗೆ ಪಾತ್ರವಾಗಿತ್ತು. ಅದೇ ತಂಡ 2023ರ ಜೂನ್‌ನಲ್ಲಿ, ನಮ್ಮ ಮಿದುಳಿನ ಮೂರನೇ ಒಂದರಷ್ಟು ಮಿದುಳಿದ್ದ ಈ ಜೀವಿಗಳು ಸತ್ತವರನ್ನು ಹೂಳುತ್ತಿದ್ದವು, ಗೋಡೆಯ ಮೇಲೆ ಗೆರೆ ಕೊರೆದಿದ್ದವು ಎಂದಿತು. ಪರಿಶೀಲಕರ ಅಭಿಪ್ರಾಯಗಳನ್ನು ಲೇಖನದ ಜೊತೆಗೇ ಪ್ರಕಟಿಸುವ ಪತ್ರಿಕೆಗೆ ಈ ವಾದ ಹೋಗಿದ್ದರಿಂದ, ಸಾಕ್ಷ್ಯ ಸಾಲದು ಎಂದು ಅವರು ಬರೆದದ್ದು ಎಲ್ಲರಿಗೂ ಸಿಕ್ಕಿತು. ಆದರೆ ಮರುತಿಂಗಳೇ ಬಂದ ಸಾಕ್ಷ್ಯಚಿತ್ರ ಕೋಟ್ಯಂತರ ಮನೆಗಳ ಟಿವಿಗೆ ತಲುಪುವಂತಿತ್ತು, ಪರಿಶೀಲಕರ ಟಿಪ್ಪಣಿಗೆ ಆ ಭಾಗ್ಯವಿರಲಿಲ್ಲ. ಕನ್ನಡ ಪತ್ರಿಕೆಗಳಲ್ಲಿ “ಮಾನವ ಇತಿಹಾಸವನ್ನೇ ಬದಲಿಸಿದ ಶೋಧ” ಎಂಬ ಧಾಟಿಯ ತಲೆಬರಹ ಕಂಡರೆ ನಾನು ಸುದ್ದಿಯನ್ನು ಕತ್ತರಿಸಿಟ್ಟು ಎರಡು ವರ್ಷ ಕಾಯುತ್ತೇನೆ. ಚೀನಾದ ಹಾರ್ಬಿನ್ ಬುರುಡೆಯನ್ನು 2021ರಲ್ಲಿ ಹೋಮೊ ಲಾಂಗಿ ಎಂಬ ಹೊಸ ಪ್ರಭೇದವೆಂದು ಸಾರಲಾಯಿತು. 2025ರಲ್ಲಿ ಅದರ ಪ್ರೋಟೀನು ಮತ್ತು ಹಲ್ಲಿನ ಕಿಟ್ಟದಲ್ಲಿದ್ದ ಡಿಎನ್‌ಎ ಅದು ಡೆನಿಸೊವನ್ ಗುಂಪಿನದೆಂದು ತೋರಿಸಿದವು.

ಧಾರವಾಡದವರಿಗೆ ಹತ್ತಿರವಾದ, ಇನ್ನೂ ಇತ್ಯರ್ಥವಾಗದ ವಿವಾದವೊಂದಿದೆ. ಸುಮಾರು 74,000 ವರ್ಷಗಳ ಹಿಂದೆ ಸುಮಾತ್ರಾದ ಟೋಬಾ ಜ್ವಾಲಾಮುಖಿ ಸಿಡಿದಾಗ ಅದರ ಬೂದಿ ಎರಡೂವರೆ ಸಾವಿರ ಕಿಲೋಮೀಟರಿಗೂ ಹೆಚ್ಚು ದೂರದ ಆಂಧ್ರದ ಕರ್ನೂಲು ಸೀಮೆಯ ಜ್ವಾಲಾಪುರಂವರೆಗೆ ಬಂದು ಬಿದ್ದಿತು. ಕರ್ನಾಟಕ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ರವಿ ಕೋರಿಶೆಟ್ಟರ್ ಮತ್ತು ಮೈಕೆಲ್ ಪೆಟ್ರಾಲಿಯಾ ಅವರ ತಂಡ ಅಲ್ಲಿ ಅಗೆದು, ಬೂದಿಯ ಕೆಳಗೂ ಮೇಲೂ ಬಹುತೇಕ ಒಂದೇ ಬಗೆಯ ಕಲ್ಲಿನ ಉಪಕರಣಗಳಿವೆ ಎಂದು 2007ರಲ್ಲಿ ಪ್ರಕಟಿಸಿತು. ಇವು ಆಫ್ರಿಕದಲ್ಲಿ ಆಧುನಿಕ ಮಾನವರು ಮಾಡುತ್ತಿದ್ದ ಉಪಕರಣಗಳನ್ನು ಹೋಲುತ್ತವೆ, ಆದ್ದರಿಂದ ಆಧುನಿಕ ಮಾನವರು ಸ್ಫೋಟಕ್ಕೆ ಮೊದಲೇ ಭಾರತಕ್ಕೆ ಬಂದಿದ್ದರು, ಸ್ಫೋಟದಿಂದ ಅಳಿಯಲೂ ಇಲ್ಲ ಎಂಬುದು ಅವರ ವಾದ. ಪಾಲ್ ಮೆಲ್ಲರ್ಸ್ ಮತ್ತು ಜೊತೆಗಾರರು 2013ರಲ್ಲಿ ಇದನ್ನು ಖಂಡಿಸಿ, ಆಧುನಿಕ ಮಾನವರು ಬಂದದ್ದು 60,000 ವರ್ಷಗಳಿಂದ ಈಚೆಗೆ, ಜ್ವಾಲಾಪುರಂನ ಹಳೆಯ ಉಪಕರಣಗಳು ಬೇರೆ ಮಾನವಜಾತಿಯವು ಎಂದರು. 2020ರಲ್ಲಿ ಮಧ್ಯಪ್ರದೇಶದ ಸೋನ್ ಕಣಿವೆಯ ಢಾಬಾದಿಂದ ಬಂದ ವರದಿ, ಅಲ್ಲಿ ಸುಮಾರು 80,000 ವರ್ಷಗಳಿಂದ ಉಪಕರಣಗಳ ಪರಂಪರೆ ಕಡಿಯದೆ ಮುಂದುವರಿದಿದೆ ಎಂದು ಮೊದಲಿನ ತಂಡಕ್ಕೆ ಬೆಂಬಲ ಕೊಟ್ಟಿತು. ಆದರೆ 2024ರಲ್ಲಿ ಹಳೆಯ ಮತ್ತು ಇಂದಿನ ಜೀನೋಮುಗಳನ್ನು ಜೊತೆಗಿಟ್ಟು ಲೆಕ್ಕ ಹಾಕಿದವರು, ನಿಯಾಂಡರ್ತಾಲರೊಂದಿಗಿನ ಕೂಡುವಿಕೆ ನಡೆದದ್ದು ಸುಮಾರು 50,500ರಿಂದ 43,500 ವರ್ಷಗಳ ಹಿಂದೆ ಎಂದಿದ್ದಾರೆ. ಆ ಅಂಶ ಇಂದಿನ ಭಾರತೀಯರೆಲ್ಲರಲ್ಲೂ ಇದೆ. ಹಾಗಾದರೆ ನಮ್ಮ ಪೂರ್ವಜರು ಇಲ್ಲಿಗೆ ಬಂದದ್ದು ಆ ಕೂಡುವಿಕೆಯ ಬಳಿಕ; ಜ್ವಾಲಾಪುರಂನಲ್ಲಿದ್ದವರು ಆಧುನಿಕ ಮಾನವರೇ ಆಗಿದ್ದರೂ ನಮ್ಮ ವಂಶದಲ್ಲಿ ಅವರ ಪಾಲು ಅತ್ಯಲ್ಪ ಅಥವಾ ಇಲ್ಲವೇ ಇಲ್ಲ ಎಂದಾಗುತ್ತದೆ. ಅವರು ಇದ್ದರು ಎಂಬ ವಾದವೂ, ನಾವು ಅವರ ಮಕ್ಕಳು ಎಂಬ ವಾದವೂ ಬೇರೆಬೇರೆ. ಧಾರವಾಡದ ಸಭೆಗಳಲ್ಲಿ ಇವೆರಡೂ ಕಲಸಿಹೋಗುವುದನ್ನು ಕಾಣುತ್ತೇವೆ.

ಊರಿನ ಅಭಿಮಾನವನ್ನು ಬದಿಗಿಟ್ಟು ಹೇಳುವುದಾದರೆ, ಮೊದಲನೆಯ ವಾದ ಸಾಬೀತಾಗಿಲ್ಲ, ಆದರೂ ಅದು ಗೌರವಕ್ಕೆ ಅರ್ಹವಾದ ವಾದ. ಬೂದಿಯ ಪದರ ಅಲ್ಲೇ ಇದೆ, ಬೇಕಾದವರು ಹೋಗಿ ಮತ್ತೆ ಅಗೆಯಬಹುದು. ಕಾಲನಿರ್ಣಯದ ವಿಧಾನ ಬಹಿರಂಗವಾಗಿದೆ. ಮೆಲ್ಲರ್ಸ್ ಅವರಂಥ ಕಟು ವಿಮರ್ಶಕರು ಅದೇ ದತ್ತಾಂಶವನ್ನು ಹಿಡಿದು ಎದುರುವಾದ ಹೂಡಲು ಸಾಧ್ಯವಾಯಿತು. ಇಲ್ಲದಿರುವುದು ಎಲುಬು. ಆ ಕಾಲದ ಮಾನವ ಪಳೆಯುಳಿಕೆ ಅಲ್ಲಿ ದೊರೆತಿಲ್ಲ, ಮತ್ತು ಕಲ್ಲು ತನ್ನನ್ನು ಒಡೆದವನು ಯಾರೆಂದು ಹೇಳುವುದಿಲ್ಲ. ಬೂದಿಯ ಕೆಳಗಿನಿಂದ ಬರುವ ಒಂದು ಬಾಚಿಹಲ್ಲು ಈ ವಾದವನ್ನು ಎತ್ತಲೂಬಹುದು, ಕೆಡವಲೂಬಹುದು. ನಮ್ಮ ಬಿಸಿ ಹವೆಯಲ್ಲಿ ಡಿಎನ್‌ಎ ಉಳಿಯುವುದು ಕಷ್ಟ, ಹಲ್ಲಿನ ಎನಾಮಲ್ಲಿನೊಳಗಿನ ಪ್ರೋಟೀನು ಅದಕ್ಕಿಂತ ಗಟ್ಟಿ. ಎಲುಬು ಉಳಿಯಲು ಹೊಲದ ಮಣ್ಣಿಗಿಂತ ಸುಣ್ಣಕಲ್ಲಿನ ಗವಿ ವಾಸಿ. ಅಂಥ ಗವಿಗಳು ಕರ್ನೂಲು ಸೀಮೆಯ ಬಿಲ್ಲಸರ್ಗಂನಲ್ಲಿ ಇವೆ, ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್ ತನ್ನ ಮಗನೊಂದಿಗೆ 1880ರ ದಶಕದಲ್ಲೇ ಅಲ್ಲಿ ಅಗೆತ ಆರಂಭಿಸಿದ್ದ.